ಕಿತ್ತಳೆ ಸುಲಿಯೋ ವಾಸನೆ

ಹೋದ ವಾರ ಆಫೀಸಲ್ಲಿ ಮಧ್ಯಾಹ್ನ ಊಟ ಆದ್ಮೇಲೆ ಪಕ್ಕದ ಸೀಟಿನವರು ಕಿತ್ತಳೆ ಹಣ್ಣು ಸುಲಿಯೋಕೆ ಶುರು ಮಾಡಿದ್ರು. ನಾನು ಆ ಕಡೆ ನೋಡ್ತಾನೂ ಇರ್ಲಿಲ್ಲ, ಯಾವುದೋ ಮೇಲ್ ಟೈಪ್ ಮಾಡ್ತಾ ಕೂತಿದ್ದೆ, ಇದ್ದಕ್ಕಿದ್ದ ಹಾಗೆ ಗಂಟಲು ಕಟ್ಟಿತು, ಅದರ ಜೊತೆಗೇ ಎದೆಯಲ್ಲಿ ಒಂಥರಾ ನಿರಾಳ, ಇನ್ನು ಭಯ ಇಲ್ಲ ಅನ್ನೋ ಥರ. ಯಾಕೆ ಹೀಗಾಗ್ತಿದೆ ಅಂತ ತಿಳಿಯೋಕೆ ಎರಡು ಮೂರು ಸೆಕೆಂಡ್ ಬೇಕಾಯ್ತು. ಆಮೇಲೆ ಚಿತ್ರ ಬಂತು.

ಆಸ್ಪತ್ರೆ ಮಂಚ. ನಂಗೆ ಆಗ ಆರು ವರ್ಷ. ಪಕ್ಕದಲ್ಲಿ ಸ್ಟೂಲ್ ಮೇಲೆ ಅಪ್ಪ. ಹೆಬ್ಬೆರಳಿನ ಉಗುರು ಹಣ್ಣಿನ ತಲೆಗೆ ಚುಚ್ಚಿ, ಸಿಪ್ಪೆ ಎಲ್ಲೂ ಹರಿಯದ ಹಾಗೆ ಒಂದೇ ಪಟ್ಟಿ ಮಾಡಿ ಸುಲೀತಿದ್ದಾರೆ. ತೊಳೆ ಬಿಡಿಸಿ, ಬಿಳಿ ನಾರು ತೆಗೆದು, ಒಂದೊಂದೇ ನನ್ನ ಬಾಯಿಗಿಟ್ಟು, ಬೀಜ ಉಗುಳು ಅಂತ ತಮ್ಮ ಅಂಗೈನ ನನ್ನ ಗಲ್ಲದ ಕೆಳಗೆ ಹಿಡೀತಿದ್ದಾರೆ. ಈ ಅಂಗೈ ವಿಷಯ ನಂಗೆ ಮರೆತೇ ಹೋಗಿತ್ತು ಅನ್ನಬೇಕು, ಅಪ್ಪನ ಬಗ್ಗೆ ಎಷ್ಟು ಸಲ ಯೋಚನೆ ಮಾಡಿದ್ರೂ ಇದೊಂದು ಯಾವತ್ತೂ ನೆನಪಿಗೆ ಬಂದಿರ್ಲಿಲ್ಲ, ಫೋಟೋ ನೋಡಿದಾಗ ಬಂದಿರ್ಲಿಲ್ಲ, ಅವರ ಸ್ವೆಟರ್ ಮಡಿಸಿ ಇಟ್ಟಾಗ್ಲೂ ಬಂದಿರ್ಲಿಲ್ಲ. ಯಾರೋ ಹಣ್ಣು ಸುಲಿದ್ರು, ಬಂತು.

ಇದರ ಬಗ್ಗೆ ಸುಮಾರು ದಿನದಿಂದ ಓದ್ತಾ ಇದೀನಿ, ಹಾಗಾಗಿ ಬರೀಬೇಕು ಅನ್ನಿಸ್ತು.

ನಂಗೆ ಎಲ್ಲಕ್ಕಿಂತ ಹೆಚ್ಚು ಕಾಡಿದ್ದು ಭಾವನೆ ಮೊದಲು ಬಂದು ಚಿತ್ರ ಆಮೇಲೆ ಬಂದದ್ದು. ಕಣ್ಣಿಗೆ ಕಂಡದ್ದು, ಕಿವಿಗೆ ಕೇಳಿದ್ದು ಎಲ್ಲಾ ಮಿದುಳಿನ ನಡುವೆ ಇರೋ ಥಾಲಮಸ್ ಅನ್ನೋ ಜಾಗದ ಮೂಲಕ ಹಾದು ಆಮೇಲೆ ಆಯಾ ಭಾಗಕ್ಕೆ ಹೋಗುತ್ತೆ. ವಾಸನೆದು ಬೇರೆ ದಾರಿ. ಮೂಗಿನ ಒಳಗಡೆ ತೀರಾ ಮೇಲೆ ಒಂದು ಸಣ್ಣ ಪೊರೆ ಇದೆ, ಅಲ್ಲಿರೋ ನರಕೋಶಗಳು ಗಾಳೀಲಿ ಬಂದ ಕಣಗಳನ್ನ ಹಿಡಿದು ನೇರವಾಗಿ ಆಲ್ಫ್ಯಾಕ್ಟರಿ ಬಲ್ಬ್ ಅನ್ನೋ ಭಾಗಕ್ಕೆ ಸುದ್ದಿ ಮುಟ್ಟಿಸ್ತವೆ, ಅಲ್ಲಿಂದ ಅಮಿಗ್ಡಲಾ ಒಂದೇ ಹೆಜ್ಜೆ, ಅಂದ್ರೆ ಭಯ, ಸಮಾಧಾನ ಇವನ್ನೆಲ್ಲ ನೋಡ್ಕೊಳ್ಳೋ ಜಾಗ. ನೆನಪು ಕಟ್ಟೋ ಹಿಪೊಕ್ಯಾಂಪಸ್ ಕೂಡ ಅಲ್ಲೇ ಮಗ್ಗುಲಲ್ಲಿದೆ, ಅಲ್ಲಿಗೂ ಹೆಚ್ಚು ದೂರ ಇಲ್ಲ. ಮಿಕ್ಕ ಯಾವ ಇಂದ್ರಿಯಕ್ಕೂ ಇಷ್ಟು ಹತ್ತಿರದ ದಾರಿ ಇಲ್ಲ. ಇದು ಓದಿದ ಮೇಲೆ ಆ ಎರಡು ಮೂರು ಸೆಕೆಂಡ್ ನಂಗೆ ಅರ್ಥ ಆಯ್ತು. ಇದು ಕಿತ್ತಳೆ ಅಂತ ಹೆಸರು ಹೊಳೆಯೋಕೆ ಮುಂಚೆನೇ ಮೈ ಅದನ್ನ ಗುರುತು ಹಿಡಿದಿತ್ತು.

ನಾವು ರುಚಿ ರುಚಿ ಅಂತ ಹೇಳ್ತೀವಲ್ಲ, ಅದರಲ್ಲಿ ದೊಡ್ಡ ಪಾಲು ವಾಸನೆನೇ. ನೆಗಡಿ ಆದಾಗ ಊಟ ಸಪ್ಪೆ ಅನ್ಸೋದು ಅದಕ್ಕೇ, ಆಗ ಕೆಟ್ಟಿರೋದು ಮೂಗು, ನಾಲಿಗೆ ಅಲ್ಲ. ನಂಬಿಕೆ ಬರದಿದ್ರೆ ಮೂಗನ್ನ ಬೆರಳಿಂದ ಗಟ್ಟಿಯಾಗಿ ಹಿಡ್ಕೊಂಡು, ಕಣ್ಣು ಮುಚ್ಚಿ, ಯಾರಿಗಾದ್ರೂ ಒಂದು ಹಣ್ಣಿನ ಮಿಠಾಯಿ ಬಾಯಿಗೆ ಹಾಕೋಕೆ ಹೇಳಿ. ಸಿಹಿ, ಸ್ವಲ್ಪ ಹುಳಿ, ಅಷ್ಟೇ ಗೊತ್ತಾಗೋದು. ಯಾವ ಹಣ್ಣು ಅಂತ ಹೇಳೋಕೆ ಆಗಲ್ಲ. ಈಗ ಮೂಗು ಬಿಡಿ, ಬಾಯಿಯೊಳಗೆ ಏನೂ ಬದಲಾಗಿಲ್ಲ, ಆದ್ರೂ ಹಣ್ಣು ಪೂರ್ತಿ ಬಂದುಬಿಡುತ್ತೆ. ನಾನು ಇದನ್ನ ಮಕ್ಕಳಿಗೆ ಮಾಡಿಸಿದಾಗ ಅವರ ಕಣ್ಣು ಅರಳೋದನ್ನ ನೋಡೋದೇ ಒಂದು ಸುಖ. ಅಗೀವಾಗ, ನುಂಗುವಾಗ ಬಾಯಿಯ ಹಿಂಭಾಗದಿಂದ ಗಾಳಿ ಮೂಗಿನ ಕಡೆ ಏರುತ್ತೆ, ಹಿಂದಿನ ಬಾಗಿಲಿಂದ ಬಂದ ಈ ವಾಸನೆನ ಮಿದುಳು ತಗೊಂಡು ಹೋಗಿ ನಾಲಿಗೆ ಮೇಲೆ ಇಟ್ಟಿರುತ್ತೆ, ನಮಗೆ ಅದು ಬಾಯಲ್ಲೇ ಇದೆ ಅನ್ಸುತ್ತೆ. ನಾಲಿಗೆಗೆ ತಾನಾಗಿ ತಿಳಿಯೋದು ಸಿಹಿ, ಹುಳಿ, ಉಪ್ಪು, ಕಹಿ, ಆಮೇಲೆ ಉಮಾಮಿ, ಅಂದ್ರೆ ಅಣಬೆ, ಟೊಮೇಟೊ ಇಂಥವುಗಳಲ್ಲಿ ಸಿಗೋ ರಸವತ್ತಾದ ರುಚಿ, ಈ ಐದು. ಐದನೇದನ್ನ ಜಪಾನಿನ ಕಿಕುನಾಯೆ ಇಕೆಡಾ ಅನ್ನೋ ರಸಾಯನ ವಿಜ್ಞಾನಿ 1908ರಲ್ಲಿ ಗುರುತಿಸಿದ್ರು. ಖಾರ ಈ ಪಟ್ಟೀಲಿ ಇಲ್ಲ, ಅದು ಬಿಸಿ ಮತ್ತು ಉರಿ ಹೇಳೋ ನರದ ಕೆಲಸ. ನಾವು ಒಗರು ಅನ್ನೋದು ಕೂಡ ಹೆಚ್ಚಾಗಿ ಸ್ಪರ್ಶ, ಬಾಯೊಳಗೆ ಜೊಲ್ಲಿನ ಜಾರಿಕೆ ಹೋಗಿ ತರಿ ಆಗೋ ಅನುಭವ.

ಆದ್ರೆ ಮೂಗಿನ ಕತೆ ಐದಕ್ಕೆ ಮುಗಿಯಲ್ಲ. ಲಿಂಡಾ ಬಕ್ ಮತ್ತು ರಿಚರ್ಡ್ ಆಕ್ಸೆಲ್ 1991ರಲ್ಲಿ ವಾಸನೆ ಹಿಡಿಯೋ ರಿಸೆಪ್ಟರ್‌ಗಳ ದೊಡ್ಡ ಜೀನ್ ಕುಟುಂಬನ ಕಂಡುಹಿಡಿದ್ರು, 2004ರಲ್ಲಿ ಅದಕ್ಕೆ ನೊಬೆಲ್ ಬಂತು. ಮನುಷ್ಯನಲ್ಲಿ ಕೆಲಸ ಮಾಡೋವು ಸುಮಾರು 400 ಥರ ಇದಾವೆ. ಒಂದೊಂದು ವಾಸನೆಗೂ ಇವುಗಳಲ್ಲಿ ಬೇರೆ ಬೇರೆ ಗುಂಪು ಎಚ್ಚರ ಆಗುತ್ತೆ, ಕಿತ್ತಳೆ ಸಿಪ್ಪೆ ಎಣ್ಣೇಲಿ ಬಹುಪಾಲು ಲಿಮೊನೀನ್ ಅನ್ನೋ ಒಂದೇ ವಸ್ತು ಇದ್ರೂ ಉಳಿದ ಚೂರುಪಾರೇ ಅದನ್ನ ನಿಂಬೆಯಿಂದ ಬೇರೆ ಮಾಡುತ್ತೆ. ಕಾಫೀಲಂತೂ ಇಂಥ ವಸ್ತುಗಳು ನೂರಾರು. ಹಾಗಾಗಿ ಒಂದು ಮನೆಯ ಅಡುಗೆ ವಾಸನೆ, ಅದೇ ಪದಾರ್ಥ ಅದೇ ಅಳತೇಲಿ ಹಾಕಿ ಬೇರೆಯವರು ಮಾಡಿದ್ರೂ, ಯಾಕೋ ಒಂಚೂರು ಬೇರೆ. ಪಾತ್ರೆ ಬೇರೆ, ಉರಿ ಬೇರೆ, ಕೈ ಬೇರೆ. ಅಮ್ಮ ಮಾಡಿದ ಹಾಗೆ ಬರ್ಲಿಲ್ಲ ಅಂತ ಜನ ಹೇಳಿದಾಗ ಅದನ್ನ ಬರೀ ಮೋಹ ಅಂತ ತಳ್ಳಿಹಾಕೋದು ನಂಗೆ ಸರಿ ಕಾಣಲ್ಲ, ಅವರ ಮೂಗಿಗೆ ನಿಜವಾಗ್ಲೂ ಏನೋ ಒಂದು ಕಮ್ಮಿ ಬಿದ್ದಿರುತ್ತೆ.

ಇನ್ನು ವಯಸ್ಸಿನ ವಿಷಯ. ಯಾವುದಾದ್ರೂ ಒಂದು ಪದ ಕೊಟ್ಟು ಹಳೇದೇನಾದ್ರೂ ನೆನಪು ಮಾಡ್ಕೊಳ್ಳಿ ಅಂತ ವಯಸ್ಸಾದವರನ್ನ ಕೇಳಿದ್ರೆ ಹೆಚ್ಚಾಗಿ ಹರೆಯದ, ಇಪ್ಪತ್ತರ ಆಸುಪಾಸಿನ ನೆನಪುಗಳು ಬರ್ತವೆ. ವಾಸನೆ ಕೊಟ್ಟು ಕೇಳಿದ್ರೆ ಹತ್ತು ವರ್ಷ ತುಂಬೋಕೆ ಮುಂಚಿನವು ಬರ್ತವೆ. ಸ್ವೀಡನ್ನಿನ ಸಂಶೋಧಕರಾದ ವಿಲಾಂಡರ್ ಮತ್ತು ಲಾರ್ಸನ್ 2006ರಲ್ಲಿ ಇದನ್ನ ತೋರಿಸಿದ್ರು. ಇಸ್ರೇಲಿನ ನೋಮ್ ಸೊಬೆಲ್ ಅವರ ತಂಡ 2009ರಲ್ಲಿ ಇನ್ನೊಂದು ನೋಡಿತು, ಒಂದು ವಾಸನೆ ಮೊಟ್ಟಮೊದಲು ಯಾವುದರ ಜೊತೆ ಗಂಟು ಬೀಳುತ್ತೋ ಆ ಜೋಡಿಗೆ ಮಿದುಳಲ್ಲಿ ವಿಶೇಷ ಗುರುತು ಇರುತ್ತಂತೆ, ಆಮೇಲೆ ಬಂದ ಜೋಡಿಗಳಿಗೆ ಅದು ಸಿಗಲ್ಲ. ನಾನು ಆರು ವರ್ಷಕ್ಕೆ ಮುಂಚೆ ಕಿತ್ತಳೆ ತಿಂದೇ ಇರ್ಲಿಲ್ಲ ಅಂತೇನಲ್ಲ, ತಿಂದಿರ್ತೀನಿ. ಆದ್ರೆ ಮೂಗು ಅದನ್ನ ಕಟ್ಟಿ ಹಾಕಿದ್ದು ಆ ಕೋಣೇಲಿ.

ಹುಟ್ಟೋಕೆ ಮುಂಚೆನೇ ಇದು ಶುರು ಆಗುತ್ತೆ ಅನ್ನೋದು ನಂಗೆ ತುಂಬಾ ಇಷ್ಟವಾದ ಸಂಗತಿ. ಅಮೆರಿಕದ ಜೂಲಿ ಮೆನೆಲ್ಲಾ ಅವರ 2001ರ ಅಧ್ಯಯನದಲ್ಲಿ, ಬಸುರೀಲಿ ಅಥವಾ ಬಾಣಂತನದಲ್ಲಿ ಕ್ಯಾರೆಟ್ ಜ್ಯೂಸ್ ಕುಡಿದ ತಾಯಂದಿರ ಮಕ್ಕಳು ಮುಂದೆ ಗಟ್ಟಿ ಆಹಾರ ಶುರು ಮಾಡಿದಾಗ ಕ್ಯಾರೆಟ್ ಪರಿಮಳದ ಊಟಕ್ಕೆ ಉಳಿದ ಮಕ್ಕಳಷ್ಟು ಮುಖ ಸಿಂಡರಿಸ್ಲಿಲ್ಲ. ಮಗು ಇನ್ನೂ ಗಾಳಿ ಉಸಿರಾಡಿಲ್ಲ, ಆಗ್ಲೇ ಅಮ್ಮ ಏನು ತಿಂತಾಳೆ ಅಂತ ಅದಕ್ಕೆ ಗೊತ್ತು.

ಅವತ್ತು ಸಂಜೆ ಅಮ್ಮಂಗೆ ಫೋನ್ ಮಾಡಿದೆ. ನಾನು ಆಸ್ಪತ್ರೇಲಿದ್ದಾಗ ಅಪ್ಪ ದಿನಾ ಕಿತ್ತಳೆ ಸುಲಿದು ಕೊಡ್ತಿದ್ರಲ್ಲಮ್ಮ, ಎಷ್ಟು ವಾರ ಇದ್ದೆ ನಾನು ಅಲ್ಲಿ ಅಂದೆ. ವಾರಾನಾ, ನಾಲ್ಕು ದಿನ ಕಣೋ, ಹಣ್ಣು ತಂದಿದ್ದೂ ಒಂದೇ ಸಲ ಅಂದ್ರು. ನಂಗೆ ನಂಬೋಕೇ ಆಗ್ಲಿಲ್ಲ, ನನ್ನ ನೆನಪಲ್ಲಿ ಅದು ಒಂದು ಇಡೀ ಕಾಲ, ಹಣ್ಣಿನ ಮೇಲೆ ಹಣ್ಣು. ಸಂಶೋಧಕರಾದ ರೇಚಲ್ ಹರ್ಜ್ ಮತ್ತು ಜೊನಾಥನ್ ಸ್ಕೂಲರ್ 2002ರಲ್ಲಿ ಹೇಳಿದ್ದು ಇದನ್ನೇ ಇರಬೇಕು, ವಾಸನೆ ಎಬ್ಬಿಸಿದ ನೆನಪಲ್ಲಿ ಭಾವನೆ ಜಾಸ್ತಿ, ಆ ಕ್ಷಣಕ್ಕೇ ವಾಪಸ್ ಹೋದ ಹಾಗೆ ಅನ್ಸೋದು ಜಾಸ್ತಿ, ಆದ್ರೆ ಅದು ಹೆಚ್ಚು ಸ್ಪಷ್ಟ ಅಂತೇನೂ ಇಲ್ಲ. ಅಷ್ಟು ಗಟ್ಟಿಯಾಗಿ ಬಂದದ್ದಕ್ಕೆ ಅದು ನಡೆದ ಹಾಗೇ ಬಂದಿದೆ ಅಂತ ನಾನು ಅಂದ್ಕೊಂಡಿದ್ದೆ. ಫೋನ್ ಇಡೋ ಮುಂಚೆ ಅಮ್ಮ ಇನ್ನೊಂದು ಮಾತು ಹೇಳಿದ್ರು. ಮೊದಲ ಎರಡು ದಿನ ಸೂಜಿ ಭಯಕ್ಕೆ ನೀನು ಅತ್ತಿದ್ದೇ ಅತ್ತಿದ್ದು, ಯಾರು ಎತ್ಕೊಂಡ್ರೂ ಸುಮ್ಮನಾಗ್ಲಿಲ್ಲ, ಅಪ್ಪ ಬಂದು ಪಕ್ಕದಲ್ಲಿ ಕೂತು ಏನೂ ಮಾತಾಡದೆ ಹಣ್ಣು ಸುಲಿಯೋಕೆ ಶುರು ಮಾಡಿದಾಗ ನೋಡ್ತಾ ನೋಡ್ತಾ ನಿಲ್ಲಿಸಿದೆ ಅಂತ.

ದಿನದ ಲೆಕ್ಕ ತಪ್ಪಿತ್ತು, ಹಣ್ಣಿನ ಲೆಕ್ಕ ತಪ್ಪಿತ್ತು, ನಿರಾಳ ಮಾತ್ರ ಮೂವತ್ತೈದು ವರ್ಷ ಹಾಗೇ ಇತ್ತು.

ಇದೇ ಗಂಟು ಕೆಟ್ಟದ್ದಕ್ಕೂ ಬೀಳುತ್ತೆ, ಅದು ಇನ್ನೂ ಬೇಗ ಬೀಳುತ್ತೆ. ಕಾಲೇಜಲ್ಲಿದ್ದಾಗ ಒಂದು ರಾತ್ರಿ ವೆನಿಲಾ ಐಸ್‌ಕ್ರೀಮ್ ತಿಂದು ಮಲಗಿದೆ, ಬೆಳಗಿನ ಜಾವ ವಾಂತಿ, ಜ್ವರ. ಮನೇಲಿ ಎಲ್ಲರಿಗೂ ಆ ವಾರ ಅದೇ ಕಾಯಿಲೆ ಇತ್ತು, ಐಸ್‌ಕ್ರೀಮ್ ಮುಟ್ಟದವರಿಗೂ ಬಂದಿತ್ತು, ಅದರದ್ದು ತಪ್ಪೇನೂ ಇಲ್ಲ ಅಂತ ನಂಗೆ ಚೆನ್ನಾಗಿ ಗೊತ್ತು. ಇವತ್ತಿಗೂ ವೆನಿಲಾ ವಾಸನೆ ಬಂದ್ರೆ ಹೊಟ್ಟೆ ತೊಳೆಸುತ್ತೆ. ಜಾನ್ ಗಾರ್ಸಿಯಾ ಅನ್ನೋ ವಿಜ್ಞಾನಿ ಮತ್ತು ಸಂಗಡಿಗರು 1955ರಲ್ಲಿ ಇಲಿಗಳಲ್ಲಿ ತೋರಿಸಿದ್ದು ಇದನ್ನೇ, ಸಿಹಿ ನೀರು ಕುಡಿಯೋ ಹೊತ್ತಲ್ಲಿ ವಿಕಿರಣ ಕೊಟ್ಟರೆ ಇಲಿ ಆಮೇಲೆ ಆ ಸಿಹಿ ನೀರನ್ನೇ ದೂರ ಇಡುತ್ತೆ. ಬೇರೆ ಎಷ್ಟೋ ಪಾಠಗಳಿಗೆ ಹತ್ತಾರು ಸಲ ಬೇಕು, ಎರಡರ ನಡುವೆ ಕೆಲವೇ ಸೆಕೆಂಡ್ ಅಂತರ ಇರಬೇಕು, ಹೊಟ್ಟೆಯ ಪಾಠಕ್ಕೆ ಒಂದು ಸಲ ಸಾಕು, ಗಂಟೆಗಟ್ಟಲೆ ತಡವಾಗಿ ಕಾಯಿಲೆ ಬಂದ್ರೂ ಸಾಕು. ಕಾಡಲ್ಲಿ ಸಿಕ್ಕಿದ್ದು ತಿಂದು ಬದುಕ್ತಿದ್ದ ಪ್ರಾಣಿಗೆ ವಿಷದ ವಿಷಯದಲ್ಲಿ ಎರಡನೇ ಅವಕಾಶ ಇರಲ್ಲ. ಅದಕ್ಕೇ ಕೀಮೋಥೆರಪಿ ತಗೊಳ್ಳೋರಿಗೆ ಚಿಕಿತ್ಸೆಗೆ ಮುಂಚೆ ತಿಂದ ಊಟದ ಮೇಲೆ ಜಿಗುಪ್ಸೆ ಬಂದುಬಿಡಬಹುದು. ಇಲೀನ್ ಬರ್ನ್‌ಸ್ಟೈನ್ ಅನ್ನೋ ಸಂಶೋಧಕಿ 1978ರಲ್ಲಿ ಚಿಕಿತ್ಸೆ ತಗೋತಿದ್ದ ಮಕ್ಕಳಲ್ಲಿ ಇದನ್ನ ನೋಡಿದ್ದೂ ಒಂದು ಹೊಸ ಐಸ್‌ಕ್ರೀಮ್ ಕೊಟ್ಟೇ. ಅಂಥವರನ್ನ ನೋಡ್ಕೋತಿರೋರು ಯಾರಾದ್ರೂ ಇದನ್ನ ಓದ್ತಿದ್ರೆ ದಯವಿಟ್ಟು ಇದೊಂದು ಮನಸ್ಸಲ್ಲಿಟ್ಕೊಳ್ಳಿ, ಅವರಿಗೆ ತುಂಬಾ ಪ್ರೀತಿಯ ತಿಂಡಿನ ಆ ಹೊತ್ತಿಗೆ ಕೊಡಬೇಡಿ, ಒಳ್ಳೇ ದಿನಗಳಿಗೆ ಅದನ್ನ ಉಳಿಸಿ.

ವಾಸನೆ ಬಗ್ಗೆ ಮಾತಾಡೋಕೆ ಹೋದ್ರೆ ಮಾತೇ ಸಿಗಲ್ಲ ಅನ್ನೋದನ್ನ ಗಮನಿಸಿದೀರಾ? ಕೆಟ್ಟ ವಾಸನೆಗೆ ಕನ್ನಡದಲ್ಲಿ ಪದ ಚೆನ್ನಾಗಿವೆ. ಹಳೇ ಎಣ್ಣೆ ಕಮಟು, ಗಾಳಿಯಾಡದ ಡಬ್ಬಿ ಮುಗ್ಗಲು, ಮೂಗಿಗೆ ಹತ್ತಿ ಕೆಮ್ಮು ಬರ್ಸೋದು ಘಾಟು, ತಳ ಹಿಡಿದರೆ ಸೀದ ವಾಸನೆ. ಒಂದೊಂದು ಪದಾನೂ ಹುಷಾರು ಅಂತ ಹೇಳುತ್ತೆ. ಒಳ್ಳೇದಕ್ಕೆ ಬಂದ್ರೆ ಘಮ ಘಮ, ಕಮ್ಮಗೆ, ಅಲ್ಲಿಗೆ ನಿಂತುಬಿಡುತ್ತೆ, ಆಮೇಲೆ ಕಿತ್ತಳೆ ವಾಸನೆ, ಕಾಫಿ ವಾಸನೆ ಅಂತ ವಸ್ತುವಿನ ಹೆಸರನ್ನೇ ಸಾಲ ತಗೋಬೇಕು. ಪರಿಚಯದ ವಾಸನೆ, ಎಲ್ಲೋ ನೋಡಿದೀನಿ, ಹೆಸರು ಮಾತ್ರ ಬರ್ತಿಲ್ಲ ಅನ್ನೋ ಸ್ಥಿತಿ ಎಲ್ಲರಿಗೂ ಆಗಿರುತ್ತೆ, ನಾಲಿಗೆ ತುದೀಲಿದೆ ಅಂತೀವಲ್ಲ, ಸಂಶೋಧಕರು ಇದಕ್ಕೆ ಮೂಗಿನ ತುದೀಲಿದೆ ಅಂತಲೇ ಹೆಸರಿಟ್ಟಿದಾರೆ. ಆದ್ರೆ ಇದು ಎಲ್ಲಾ ಮನುಷ್ಯರ ಹಣೆಬರಹ ಅಲ್ಲ, ಮಲಯ ಪರ್ಯಾಯ ದ್ವೀಪದ ಜಹಾಯ್ ಅನ್ನೋ ಜನರ ಭಾಷೇಲಿ ವಾಸನೆಗಳಿಗೇ ಅಂತ ಬೇರೆ ಪದಗಳಿವೆ, ಬಣ್ಣ ಹೇಳಿದಷ್ಟೇ ಸಲೀಸಾಗಿ ಅವರು ವಾಸನೆನೂ ಹೇಳ್ತಾರೆ ಅಂತ 2014ರಲ್ಲಿ ಸಂಶೋಧಕರಾದ ಮಜೀದ್ ಮತ್ತು ಬುರೆನ್‌ಹುಲ್ಟ್ ಬರೆದ್ರು. ನಂಗೆ ಅದು ಓದಿ ಸ್ವಲ್ಪ ಹೊಟ್ಟೆಕಿಚ್ಚೇ ಆಯ್ತು.

ಒಂದು ಸಲ ಇದೆಲ್ಲಾ ಪೂರ್ತಿ ಕಳ್ಕೊಂಡಿದ್ದೆ. 2021ರಲ್ಲಿ ಕೊರೋನಾ ಬಂದು ನಾಲ್ಕನೇ ದಿನ ಬೆಳಗ್ಗೆ ಕಾಫಿ ಬಿಸಿ ನೀರಾಗಿತ್ತು. ಜ್ವರ ಹೋಯ್ತು, ವಾಸನೆ ಬರ್ಲಿಲ್ಲ. ಒಂದು ತಿಂಗಳ ಹತ್ರ ಹಾಗೇ ಇತ್ತು. ಊಟ ಅನ್ನೋದು ಮೆತ್ತಗೆ, ಗಟ್ಟಿ, ಉಪ್ಪು, ಬಿಸಿ, ಇಷ್ಟೇ ಆಗೋಯ್ತು, ಕಿತ್ತಳೆ ಬಾಯಿಗೆ ಹಾಕಿದ್ರೆ ಹುಳಿ ನೀರು. ಹಸಿವು ಕಮ್ಮಿ ಆಯ್ತು ಅನ್ನೋದಕ್ಕಿಂತ ಬೇರೆ ಒಂದು ಒದ್ದಾಟ ಇತ್ತು, ನನ್ನ ಮನೇಲೇ ನಾನು ಗಾಜಿನ ಆಚೆ ಕೂತ ಹಾಗೆ, ಹೆಂಡ್ತಿ ಪಕ್ಕದಲ್ಲಿದ್ರೂ ದೂರ ಇದ್ದ ಹಾಗೆ. ಜನಕ್ಕೆ ಹೇಳಿದ್ರೆ ವಾಸನೆ ತಾನೇ, ಕಣ್ಣು ಹೋಗ್ಲಿಲ್ವಲ್ಲ ಅಂತಿದ್ರು. ಹಾಗೆ ಹೇಳಬಾರದು ಅಂತ ನಾನು ಈಗ ಗಟ್ಟಿಯಾಗೇ ಹೇಳ್ತೀನಿ. ಮೂಗಿನ ನರಕೋಶಗಳು ಜೀವನ ಪೂರ್ತಿ ಹೊಸದಾಗಿ ಹುಟ್ತಾ ಇರ್ತವೆ, ಕೊರೋನಾ ವೈರಸ್ ಹೆಚ್ಚಾಗಿ ಕೆಡಿಸೋದು ಅವುಗಳಿಗೆ ಆಸರೆ ಕೊಡೋ ಸುತ್ತಲಿನ ಕೋಶಗಳನ್ನ, ಅದಕ್ಕೇ ಬಹಳ ಜನಕ್ಕೆ ವಾಪಸ್ ಬರುತ್ತೆ. ಜರ್ಮನಿಯ ಥಾಮಸ್ ಹುಮ್ಮೆಲ್ ಮತ್ತು ಸಂಗಡಿಗರು 2009ರಲ್ಲಿ ಪ್ರಕಟಿಸಿದ ಒಂದು ಅಭ್ಯಾಸ ಇದೆ, ಗುಲಾಬಿ, ನೀಲಗಿರಿ, ನಿಂಬೆ, ಲವಂಗ, ಈ ನಾಲ್ಕನ್ನ ದಿನಕ್ಕೆ ಎರಡು ಸಲ ಹನ್ನೆರಡು ವಾರ ಮೂಸೋದು. ನಾನು ನಾಲ್ಕು ಸಣ್ಣ ಬಾಟ್ಲಿ ಇಟ್ಕೊಂಡು ದಿನಾ ಕೂತ್ಕೋತಿದ್ದೆ. ಮೊದಲು ಲವಂಗ ಬಂತು, ಬಂತು ಅಂದ್ರೆ ಎಲ್ಲೋ ಪಕ್ಕದ ಮನೇಲಿ ಇರೋ ಹಾಗೆ. ಕಾಫಿ ಸುಟ್ಟ ರಬ್ಬರ್ ಥರ ಬಂತು, ಅದು ನೆಟ್ಟಗಾಗೋಕೆ ಇನ್ನೂ ಮೂರು ತಿಂಗಳಾಯ್ತು.

ಅದಾಗಿ ಒಂದು ವರ್ಷಕ್ಕೆ ಅಪ್ಪ ಹೋದ್ರು.

ಆಗ ನಾನು ಒಂದು ಕೆಲಸ ಮಾಡಿದೆ. ಕಿತ್ತಳೆ ತಂದು ತಂದು ಮನೇಲಿಟ್ಟೆ. ರಾತ್ರಿ ಎಲ್ಲರೂ ಮಲಗಿದ ಮೇಲೆ ಅಡುಗೆಮನೇಲಿ ನಿಂತು ಒಂದು ಸುಲಿಯೋದು, ಸಿಪ್ಪೆ ಮಡಿಸಿ ಹಿಂಡಿ ಮೂಗಿನ ಹತ್ರ ಹಿಡಿಯೋದು, ಕಣ್ಣು ಮುಚ್ಕೊಂಡು ಕಾಯೋದು. ಮೊದಲ ದಿನ ಬಂದ್ರು. ಎರಡನೇ ದಿನ ಬಂದ್ರು. ಎರಡು ವಾರ ಆಗೋಷ್ಟರಲ್ಲಿ ಅದು ನನ್ನ ಅಡುಗೆಮನೆ ವಾಸನೆ ಆಗೋಯ್ತು, ಸಿಂಕಿನ, ರಾತ್ರಿ ಹನ್ನೊಂದು ಗಂಟೆಯ, ನಿದ್ದೆ ಬರದೇ ಇರೋದರ ವಾಸನೆ. ಅಪ್ಪ ಬರೋದು ನಿಂತುಬಿಡ್ತು. ಒಂದು ಸುಳಿವಿಗೆ ಹೆಚ್ಚು ಹೆಚ್ಚು ನೆನಪು ಕಟ್ಟಿದಷ್ಟೂ ಅದು ಒಂದೊಂದನ್ನೂ ಎಬ್ಬಿಸೋ ಶಕ್ತಿ ಕಮ್ಮಿ ಆಗುತ್ತೆ ಅಂತ ನೆನಪಿನ ಬಗ್ಗೆ ಕೆಲಸ ಮಾಡೋರು ಹೇಳ್ತಾರೆ. ದಿನಾ ಕುಡಿಯೋ ಕಾಫಿ ಯಾವ ಒಂದು ಬೆಳಗನ್ನೂ ನೆನಪಿಸಲ್ಲವಲ್ಲ, ಅದಕ್ಕೆ ಸಾವಿರ ಬೆಳಗು ಗಂಟು ಬಿದ್ದಿವೆ. ಕಿತ್ತಳೆ ನಂಗೆ ಅಪ್ಪನ್ನ ಅಷ್ಟು ಪೂರ್ತಿಯಾಗಿ ಕೊಡ್ತಿದ್ದದ್ದು ನಾನು ಅದನ್ನ ಅಪರೂಪಕ್ಕೆ ಮೂಸ್ತಿದ್ದದ್ದಕ್ಕೇ. ಗೊತ್ತಾದ ದಿನ ಉಳಿದ ಹಣ್ಣು ಪಕ್ಕದ ಮನೆಯವರಿಗೆ ಕೊಟ್ಟೆ, ಆಮೇಲೆ ಮನೆಗೆ ತರೋದು ನಿಲ್ಲಿಸಿದೆ. ಮಕ್ಕಳು ಕೇಳ್ತಾರೆ, ಬೇರೆ ಹಣ್ಣು ತರ್ತೀನಿ, ಇದಕ್ಕೆ ಕಾರಣ ಅವರಿಗಿನ್ನೂ ಹೇಳಿಲ್ಲ.

ಈಗ ಬಾಲ್ಯದ ಪರಿಮಳ ಅಂತ ಬಾಟ್ಲೀಲಿ, ಮೇಣದಬತ್ತೀಲಿ ಮಾರ್ತಾರೆ. ತಗೊಳ್ಳೋರನ್ನ ಬೇಡ ಅನ್ನಲ್ಲ, ಆ ಆಸೆ ಏನು ಅಂತ ನಂಗೆ ಚೆನ್ನಾಗಿ ಗೊತ್ತು. ದಿನಾ ಮಾತ್ರ ಹಚ್ಚಬೇಡಿ.

ಹೋದ ವಾರದ ಆ ಮಧ್ಯಾಹ್ನಕ್ಕೆ ನಾನು ಬಿಟ್ಟು ಎರಡು ವರ್ಷ ದಾಟಿತ್ತು. ಅಪ್ಪ ವಾಪಸ್ ಬಂದ್ರು, ಅಂಗೈ ಸಮೇತ. ನಾನು ಟೈಪ್ ಮಾಡೋದು ನಿಲ್ಲಿಸಿ ಸುಮ್ಮನೆ ಕೂತಿದ್ದೆ, ಪಕ್ಕದವರಿಗೆ ಏನನ್ನಿಸ್ತೋ, ತಗೊಳ್ಳಿ ಅಂತ ಎರಡು ತೊಳೆ ಟಿಶ್ಯೂ ಮೇಲಿಟ್ಟು ಕೊಟ್ರು. ಸಿಪ್ಪೆ ಎಸೆಯೋಕೆ ಅವರು ಏಳ್ತಿದ್ರು, ನಾನೇ ಹೋಗ್ತೀನಿ ಕೊಡಿ ಅಂತ ಇಸ್ಕೊಂಡು, ಮುಷ್ಟೀಲಿ ಹಿಡ್ಕೊಂಡು, ಹತ್ತಿರದ ಡಸ್ಟ್‌ಬಿನ್ ಬಿಟ್ಟು ಪ್ಯಾಂಟ್ರಿ ತನಕ ನಡ್ಕೊಂಡು ಹೋಗಿ ಹಾಕಿ ಬಂದೆ. ಬಂದು ಒಂದು ತೊಳೆ ಬಾಯಿಗೆ ಹಾಕ್ಕೊಂಡೆ. ಬೀಜ ಸಿಕ್ತು, ಟಿಶ್ಯೂ ಅಲ್ಲೇ ಇದ್ರೂ ಅಂಗೈ ಒಡ್ಡಿದೆ.